ಕೆರೆ ತುಂಬಿದ ಮೇಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹಳೆಯ ಬಳ್ಳಾರಿ ಜಿಲ್ಲೆಯವರು ‘ಪಶ್ಚಿಮ ತಾಲ್ಲೂಕುಗಳು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಈ ಐದೂ ಈಗ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿ, ಊರು ಬಿಡದೆಯೇ ಮೂರು ಜಿಲ್ಲೆ ಕಂಡರು. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದ ಬೇಡಿಕೆ ಒಂದೇ: ನಮ್ಮ ಕೆರೆಗೆ ಹೊಳೆ ನೀರು ಕೊಡಿ.

ಬೇಡಿಕೆಯಲ್ಲಿ ತಪ್ಪೇನಿಲ್ಲ. ತುಂಗಭದ್ರೆ ಈ ಸೀಮೆಯ ಅಂಚಿನಲ್ಲೇ ಹರಿದುಹೋಗುತ್ತಾಳೆ. ಆದರೆ ಅಂಚಿನಿಂದ ಒಳಕ್ಕೆ ಬಂದರೆ ಮಳೆಯನ್ನೇ ನಂಬಿದ ಜೋಳ, ಶೇಂಗಾ, ಮೆಕ್ಕೆಜೋಳದ ಹೊಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಉಳಿದ ಕರ್ನಾಟಕಕ್ಕೆ ಅದು ಸುದ್ದಿ. ಇಲ್ಲಿನವರಿಗೆ ಬರ ಹೊಸದಾಗಿರಲಿಲ್ಲ. ಹಾಗಾಗಿಯೇ ಕೂಡ್ಲಿಗಿಯ 74 ಕೆರೆಗಳ ಯೋಜನೆ, ಹರಪನಹಳ್ಳಿಯ 60 ಕೆರೆಗಳ ಯೋಜನೆ ಎಂಬ ಅಂಕಿಗಳು ಇಲ್ಲಿ ಚಹಾದಂಗಡಿಯಲ್ಲೂ ಬಾಯಿಪಾಠ. ಪಾದಯಾತ್ರೆ, ಬಂದ್, ಮನವಿಗಳ ಹಲವು ವರ್ಷದ ಫಲವದು.

ಈ ಬರಹದ ಪ್ರಶ್ನೆ ಅದರ ಮುಂದಿನದು. ಪೈಪಿನಲ್ಲಿ ಹೊಳೆ ನೀರು ಬಂತು, ಕೆರೆ ತುಂಬಿತು, ಶಾಸಕರು ಬಾಗಿನ ಬಿಟ್ಟರು, ಫೋಟೊ ಬಂತು. ಆಮೇಲೆ ಆ ನೀರು ಎಂಥದ್ದು ಎಂದು ನೋಡುವವರು ಯಾರು? ಎಷ್ಟು ನೀರು ಎಂಬುದಕ್ಕೆ ನಮ್ಮಲ್ಲಿ ಹೋರಾಟದ ದೊಡ್ಡ ಪರಂಪರೆಯೇ ಇದೆ. ಎಂಥ ನೀರು ಎಂಬುದಕ್ಕೆ ಇನ್ನೂ ಇಲ್ಲ. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದರ ಫಲ ಬಹಳ ದಿನ ಉಳಿಯದು ಎಂಬುದು ನನ್ನ ವಾದ.

ಮೊದಲು ಒಂದು ಸಣ್ಣ ಬದಲಾವಣೆಯನ್ನು ಗಮನಿಸೋಣ. ಮಳೆಯಿಂದಲೇ ತುಂಬುತ್ತಿದ್ದ ಕಾಲದಲ್ಲಿ ಕೆರೆಗೆ ನೀರು ತರುವ ಹಳ್ಳ, ಕಾಲುವೆಗಳ ಮೇಲೆ ಊರಿನ ಕಣ್ಣಿರುತ್ತಿತ್ತು. ಕಾಲುವೆ ಮುಚ್ಚಿದರೆ ಕೆರೆ ಬರಿದು, ಕೆರೆ ಬರಿದಾದರೆ ಅಚ್ಚುಕಟ್ಟು ಬೀಳು. ಅದಕ್ಕಾಗಿಯೇ ನೀರಗಂಟಿ ಇದ್ದ; ಕೆರೆ ಕಟ್ಟಿಸಿದವರಿಗೆ, ಕಾಯ್ದವರಿಗೆ ಕಟ್ಟುಕೊಡಗಿ ಭೂಮಿ ಇತ್ತು; ಬೆಳೆಯಲ್ಲಿ ಒಂದು ಪಾಲು ಬಿತ್ತುವಟ್ಟವಾಗಿ ಕೆರೆಗೆ ಸಲ್ಲುತ್ತಿತ್ತು. ವಿಜಯನಗರ ಅರಸರ ಕಾಲದ, 1369ರ ಪೊರುಮಾಮಿಳ್ಳ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಪಟ್ಟಿ ಮಾಡುವಷ್ಟು ಈ ವಿದ್ಯೆ ಪಕ್ವವಾಗಿತ್ತು. ಈಗ ನೀರು ಪೈಪಿನಲ್ಲಿ ಬರುವುದರಿಂದ ಹಳ್ಳ ಮುಚ್ಚಿದರೂ ಕೆರೆ ತುಂಬುತ್ತದೆ. ಹಾಗಾಗಿ ಹಳ್ಳವನ್ನು ಯಾರೂ ಕೇಳುವುದಿಲ್ಲ. ಆದರೆ ಮಳೆ ಬಂದ ದಿನ ಆ ಹಳ್ಳ ಹರಿಯುವುದನ್ನು ಬಿಡುವುದಿಲ್ಲ. ಊರಿನ ಚರಂಡಿಯನ್ನೂ ಎಳೆದುಕೊಂಡು ಅದೇ ಕೆರೆಗೆ ಬರುತ್ತದೆ. ನೀರಿನ ದಾರಿಯಾಗಿದ್ದದ್ದು ಕೊಳೆಯ ದಾರಿಯಾಗಿ ಉಳಿದುಕೊಂಡಿದೆ.

ಕೆರೆಯ ನೀರು ಕೆಡುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಕೆರೆ ಒಂದು ಹೊಟ್ಟೆಯಿದ್ದಂತೆ. ಸ್ವಲ್ಪ ಕೊಳೆಯನ್ನು ಅದು ತಾನೇ ಅರಗಿಸಿಕೊಳ್ಳುತ್ತದೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಎಲೆ, ಸಗಣಿ, ಮಲ, ಅಡುಗೆಮನೆಯ ಮುಸುರೆ ಎಲ್ಲವನ್ನೂ ತಿಂದು ಒಡೆಯುತ್ತವೆ. ಆ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು, ನೀರಿನಲ್ಲಿ ಕರಗಿರುವ ಆಮ್ಲಜನಕ. ಕೊಳೆ ಹೆಚ್ಚಿದಷ್ಟೂ ಅದರ ಬೇಡಿಕೆ ಹೆಚ್ಚು. ಪ್ರಯೋಗಾಲಯದ ವರದಿಗಳಲ್ಲಿ ಬಿಒಡಿ ಎಂದು ಬರೆದಿರುವುದು ಈ ಬೇಡಿಕೆಯನ್ನೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಯಾಗಿ ವಿಂಗಡಿಸುತ್ತದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಬಿಒಡಿ 3 ಮಿಲಿಗ್ರಾಂ ಮೀರಬಾರದು. ಮೀನು ಬದುಕುವ ‘ಡಿ’ ದರ್ಜೆಗೆ ಆಮ್ಲಜನಕ 4 ಮಿಲಿಗ್ರಾಂ ಆದರೂ ಬೇಕು. ಕಡೆಯ ‘ಇ’ ದರ್ಜೆ ಹೊಲದಂಥ ಬಳಕೆಗೆ ಮಾತ್ರ. ನಿಮ್ಮೂರ ಕೆರೆ ಯಾವ ದರ್ಜೆಯದು ಎಂದು ಕೇಳಿದರೆ ಹೆಚ್ಚಿನ ಊರುಗಳಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ಯಾರೂ ಅಳೆದಿರುವುದಿಲ್ಲ.

ಇನ್ನೊಂದು ಹಾನಿ ಕಣ್ಣಿಗೆ ಕಾಣುತ್ತದೆ, ಆದರೆ ಅದನ್ನು ನಾವು ಹಾನಿಯೆಂದು ಗುರುತಿಸುವುದಿಲ್ಲ. ಅದು ಹಸಿರು. ಮಲಮೂತ್ರ, ಬಟ್ಟೆ ಸೋಪಿನ ಪುಡಿ, ಹೊಲದಿಂದ ತೊಳೆದುಬಂದ ಯೂರಿಯಾ ಮತ್ತು ಡಿಎಪಿ ಎಲ್ಲದರಲ್ಲೂ ಸಾರಜನಕ ಇಲ್ಲವೆ ರಂಜಕ, ಕೆಲವದರಲ್ಲಿ ಎರಡೂ ಇವೆ. ಪೈರಿಗೆ ಗೊಬ್ಬರವಾದದ್ದು ಪಾಚಿಗೂ ಗೊಬ್ಬರ. ಆಳವಿಲ್ಲದ, ನಿಂತ, ಬಿಸಿಲಿಗೆ ಕಾದ ನೀರಿನಲ್ಲಿ ಪಾಚಿ ಉಕ್ಕುತ್ತದೆ. ಹಗಲು ಅದು ಆಮ್ಲಜನಕ ಬಿಡುತ್ತದೆ. ರಾತ್ರಿಯಾದರೆ ಎಲ್ಲರಂತೆ ತಾನೂ ಉಸಿರಾಡಿ ಅದನ್ನೇ ತಿನ್ನುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುವುದು, ರಾಶಿರಾಶಿಯಾಗಿ ಸಾಯುವುದು ಸೂರ್ಯ ಹುಟ್ಟುವ ಮುಂಚೆಯೇ ಆಗುವುದು ಇದಕ್ಕೇ. ಮಧ್ಯಾಹ್ನ ಬಂದ ಅಧಿಕಾರಿ ನೀರು ಪರೀಕ್ಷಿಸಿ ‘ಆಮ್ಲಜನಕ ಸರಿಯಾಗಿದೆ’ ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಹೊತ್ತು ಮೀರಿ ಬಂದಿದ್ದಾರೆ, ಅಷ್ಟೆ. ಮುಂಜಾನೆ ಐದಕ್ಕೆ ಕೆರೆ ಏರಿಯ ಮೇಲೆ ಇರುವವರು ಆ ಊರಿನವರೇ. ಹಾಗಾಗಿ ಈ ಕೆಲಸದಲ್ಲಿ ಜನರನ್ನು ಬಿಟ್ಟು ನಡೆಯುವುದಿಲ್ಲ.

ತುಂಬಿಸುವ ನೀರೇ ಎಂಥದ್ದು ಎಂಬುದನ್ನೂ ಕೇಳಬೇಕು. ತುಂಗಭದ್ರೆ ನಮ್ಮ ಗಡಿ ಮುಟ್ಟುವ ಹೊತ್ತಿಗೆ ಶಿವಮೊಗ್ಗ, ಭದ್ರಾವತಿ, ಹರಿಹರ ಎಲ್ಲವನ್ನೂ ದಾಟಿ ಬಂದಿರುತ್ತಾಳೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳ ಬಸಿನೀರೂ ಅದರಲ್ಲಿದೆ. ಕೆಳಗಿನ ತುಂಗಭದ್ರಾ ಜಲಾಶಯದ ನೀರು ಹಲವು ವರ್ಷ ಹಸಿರುಗಟ್ಟಿ ಸುದ್ದಿಯಾದದ್ದನ್ನು ಹಿನ್ನೀರಿನ ದಂಡೆಯವರು ನೋಡಿದ್ದಾರೆ. ಆ ನೀರು ಪೈಪಿನಲ್ಲಿ ಬಂದು ನಮ್ಮ ಆಳವಿಲ್ಲದ ಕೆರೆಯಲ್ಲಿ ತಿಂಗಳುಗಟ್ಟಲೆ ನಿಂತರೆ ಹಸಿರಿಗೆ ಬೇಕಾದದ್ದೆಲ್ಲ ಸಿಕ್ಕಂತೆಯೇ.

ಈ ನದಿಯ ನೀರಿಗಾಗಿ ಜನ ಎದ್ದು ನಿಂತದ್ದೂ ಇದೇ ದಂಡೆಯಲ್ಲಿ. ಹರಿಹರದ ಎದುರು ದಡದ ಕುಮಾರಪಟ್ಟಣದ ಪಾಲಿಫೈಬರ್ ಕಾರ್ಖಾನೆಯ ತ್ಯಾಜ್ಯ ಹೊಳೆಗೆ ಬರುತ್ತಿದೆ, ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ನದಿಪಾತ್ರದ ಹಳ್ಳಿಗರು ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದಕ್ಕೆ ಸಂಘಟನೆಯ, ನ್ಯಾಯಾಲಯದ ಬಲ ಕೊಟ್ಟಿತು. ಕರ್ನಾಟಕದಲ್ಲಿ ನೀರಿನ ಗುಣಮಟ್ಟಕ್ಕಾಗಿ ರೈತರು, ಬೆಸ್ತರು ನಡೆಸಿದ ಮೊದಮೊದಲ ದೊಡ್ಡ ಹೋರಾಟಗಳಲ್ಲಿ ಅದೂ ಒಂದು. ಆ ದಂಡೆಯಿಂದ ಕೆಳಕ್ಕೆ ಹರಿದರೆ ಸಿಗುವುದು ಹರಪನಹಳ್ಳಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳು, ಹಡಗಲಿ ತಾಲ್ಲೂಕಿನ ಕುರುವತ್ತಿ, ಮೈಲಾರ. ಆ ನೆನಪನ್ನು ನಾವು ಕಳೆದುಕೊಂಡದ್ದು ಯಾಕೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಈಗ ಪಟ್ಟಣಗಳ ಕಡೆ ಬರೋಣ. ನಮ್ಮ ಐದು ತಾಲ್ಲೂಕು ಕೇಂದ್ರಗಳೂ ಸಣ್ಣ ಪಟ್ಟಣಗಳು. ಬೆಳ್ಳಂದೂರಿನ ನೊರೆ, 2015ರಲ್ಲಿ ಅಲ್ಲಿ ನೀರಿನ ಮೇಲೆ ಹತ್ತಿದ ಬೆಂಕಿ ಇವೆಲ್ಲ ಮಹಾನಗರದ ರೋಗ, ನಮಗಲ್ಲ ಎಂದು ಭಾವಿಸುವುದು ಸುಲಭ. ಲೆಕ್ಕ ಹಾಕಿ ನೋಡಿ. ಮೂವತ್ತು ಸಾವಿರ ಜನರ ಒಂದು ಪಟ್ಟಣ, ತಲೆಗೆ ದಿನಕ್ಕೆ ನೂರು ಲೀಟರ್ ನೀರು. ಬಳಸಿದ್ದರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಂದರೆ ದಿನಕ್ಕೆ 24 ಲಕ್ಷ ಲೀಟರ್. ಅದು ಎಲ್ಲಿಗಾದರೂ ಹೋಗಲೇಬೇಕು. ತೆರೆದ ಚರಂಡಿಯಲ್ಲಿ ಇಳಿಜಾರು ಹುಡುಕಿಕೊಂಡು ಅದು ಹೋಗುವುದು ಊರಿನ ತಗ್ಗಿಗೆ. ಊರಿನ ತಗ್ಗಿನಲ್ಲಿ ಇರುವುದು ಕೆರೆ ಅಥವಾ ಹಳ್ಳ. ಮನೆಗಳ ಶೌಚಗುಂಡಿ ತುಂಬಿದಾಗ ಬರುವ ಸಕ್ಕಿಂಗ್ ಟ್ಯಾಂಕರ್ ಎಲ್ಲಿ ಖಾಲಿಯಾಗುತ್ತದೆ ಎಂದು ಒಮ್ಮೆ ಅದರ ಚಾಲಕರನ್ನು ಕೇಳಿ. ಕೇಳಲು ಹಿಂಜರಿಯಬೇಡಿ, ದುಡ್ಡು ಕೊಟ್ಟವರು ನೀವು.

ದೊಡ್ಡ ಒಳಚರಂಡಿ ಯೋಜನೆ ಬರುವವರೆಗೆ ಕಾಯಬೇಕೆಂದೇನಿಲ್ಲ. 2015ರಲ್ಲಿ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ ಶೌಚಗುಂಡಿಗಳ ಮಲತ್ಯಾಜ್ಯವನ್ನೇ ಸಂಸ್ಕರಿಸಿ ಗೊಬ್ಬರ ಮಾಡುವ ಸಣ್ಣ ಘಟಕ ಆರಂಭವಾಯಿತು. ಪಟ್ಟಣಕ್ಕೆ ಪೂರ್ತಿ ಒಳಚರಂಡಿ ಇಲ್ಲದಿದ್ದರೂ ಟ್ಯಾಂಕರಿಗೆ ಒಂದು ಸರಿಯಾದ ವಿಳಾಸ ಸಿಕ್ಕಿತು. ನಮ್ಮ ಪಟ್ಟಣ ಪಂಚಾಯಿತಿ, ಪುರಸಭೆಗಳ ಬಜೆಟ್ ಪೂರ್ವಭಾವಿ ಸಭೆಗಳಲ್ಲಿ ಪಾರ್ಕು, ಕಮಾನು, ಹೈಮಾಸ್ಟ್ ದೀಪಗಳ ಮಾತಿನ ನಡುವೆ ಇದನ್ನೂ ಕೇಳಬೇಕಾದವರು ಪಟ್ಟಣದ ಜನ.

ಇದು ಕೆರೆಯ ಅಂದಚೆಂದದ ಮಾತಲ್ಲ, ಪ್ರಾಣದ ಮಾತು. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ವಾಂತಿ ಭೇದಿಯಿಂದ ನರಳಿದರು. ಕುಡಿಯುವ ನೀರಿನ ಕೊಳವೆಗೆ ಹಾನಿಯಾಗಿ ಕೊಳಚೆ ಸೇರಿಕೊಂಡಿತು ಎಂದು ಆಗ ವರದಿಯಾಯಿತು. ಎರಡು ವರ್ಷದ ನಂತರ, 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಅದೇ ಬಗೆಯ ಸಾವುಗಳು. ಎರಡೂ ಕಡೆ ಸಾವು ಬಂದದ್ದು ಕೆರೆಯಿಂದಲ್ಲ, ನಲ್ಲಿಯಿಂದ. ಆದರೆ ಕೊಳಚೆಗೆ ತನ್ನದೇ ದಾರಿಯಿಲ್ಲದ ಊರಿನಲ್ಲಿ ಅದು ಮೊದಲು ಕೆರೆಗೆ ನುಗ್ಗುತ್ತದೆ, ಆಮೇಲೆ ಕೊಳವೆಬಾವಿಗೆ, ಸಂದು ಸಿಕ್ಕರೆ ಪೈಪಿಗೆ. ಕೊನೆಯ ನಲ್ಲಿಯ ನೀರಿನಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬ ನಿಯಮ ಇರುವುದು ಈ ಕಾರಣಕ್ಕೆ.

ಇಲ್ಲಿನ ನೆಲದಡಿಯ ಕತೆಯೂ ಕೆರೆಗೆ ಅಂಟಿಕೊಂಡೇ ಇದೆ. ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಅನೇಕ ಊರುಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಕಲೆಗಟ್ಟಿದ ಹಲ್ಲು, ಮಂಡಿ ನೋವಿನ ಹಿರಿಯರು ಮನೆಮನೆಯಲ್ಲಿ. ಗ್ರಾನೈಟ್ ಜಾತಿಯ ಗಟ್ಟಿ ಕಲ್ಲಿನ ಸಂದಿಗಳಲ್ಲಿ ಬಹಳ ಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬೋರ್ ಆಳಕ್ಕೆ ಹೋದಷ್ಟೂ ಅಂಥ ನೀರು ಸಿಗುವ ಸಂಭವ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ತಡೆದುಕೊಳ್ಳಬಹುದು ಎನ್ನುತ್ತದೆ ಭಾರತೀಯ ಮಾನಕ. ಕೆರೆಯಲ್ಲಿ ಹೊಸ ನೀರು ನಿಂತು ಇಂಗಿದರೆ ಸುತ್ತಲಿನ ಮೇಲ್ಪದರದ ಬಾವಿ, ಬೋರುಗಳಲ್ಲಿ ಫ್ಲೋರೈಡಿನ ಸಾಂದ್ರತೆ ಇಳಿಯಲು ಅನುಕೂಲ. ಕೆರೆ ತುಂಬಿಸುವ ಯೋಜನೆಯ ದೊಡ್ಡ ಲಾಭ, ನನ್ನ ದೃಷ್ಟಿಯಲ್ಲಿ, ನೀರಾವರಿಗಿಂತ ಇದೇ. ಆದರೆ ಇಂಗುವ ನೀರು ಕೊಳಚೆಯಾದರೆ ಫ್ಲೋರೈಡ್ ಹೋಗಿ ನೈಟ್ರೇಟ್ ಬರುತ್ತದೆ. ಅದರ ಮಿತಿ 45 ಮಿಲಿಗ್ರಾಂ. ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆ ಕೂಸುಗಳ ರಕ್ತಕ್ಕೇ ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಜನ ಏನು ಮಾಡಬಹುದು? ಈ ಪ್ರಶ್ನೆಗೆ ದೂರದ ಊರಿನ ಉದಾಹರಣೆ ಹುಡುಕಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಅಂಕಸಮುದ್ರ ಇದೆ.

ಅಂಕಸಮುದ್ರ ಪ್ರಕೃತಿ ಕೊಟ್ಟ ಸರೋವರವಲ್ಲ. ಶತಮಾನಗಳ ಹಿಂದೆ ಜನರೇ ಕಟ್ಟಿದ ನೀರಾವರಿ ಕೆರೆ. ವಿಸ್ತೀರ್ಣ 244.04 ಎಕರೆ. ಕೆರೆಯಂಗಳದ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ, ಕಾಲ ಬಂದಾಗ ಮರದ ಹಸಿರು ಕಾಣದಷ್ಟು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2024ರ ಜನವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ಇದೂ ರಾಮ್ಸರ್ ಪಟ್ಟಿ ಸೇರಿತು. ಅಂದು ದೇಶದ ರಾಮ್ಸರ್ ತಾಣಗಳು 75ರಿಂದ 80ಕ್ಕೇರಿದವು. ಅದುವರೆಗೆ ರಾಜ್ಯಕ್ಕಿದ್ದದ್ದು ರಂಗನತಿಟ್ಟು ಒಂದೇ. 1971ರಲ್ಲಿ ಇರಾನಿನ ರಾಮ್ಸರ್ ಊರಿನಲ್ಲಿ ಆದ ಜಾಗತಿಕ ಒಪ್ಪಂದದ ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಕೆರೆಯ ಹೆಸರಿದೆ.

ಅಲ್ಲಿ ದಾಖಲಾಗಿರುವುದು 240 ಜಾತಿಯ ಹಕ್ಕಿ, 210ಕ್ಕೂ ಹೆಚ್ಚು ಜಾತಿಯ ಗಿಡಮರ, 41 ಜಾತಿಯ ಮೀನು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡುಕಟ್ಟುತ್ತವೆ ಇಲ್ಲವೆ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳ ಈ ಜೀವಭೌಗೋಳಿಕ ವಲಯದ ಒಟ್ಟು ಸಂಖ್ಯೆಯಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಈ ಒಂದೇ ಕೆರೆಯದು. ಇದೆಲ್ಲ ಉಳಿದಿರುವುದು ಬೇಲಿಯಿಂದಲ್ಲ. ಸುತ್ತ ಹೊಲವಿದೆ, ದನ ಕುರಿ ಇವೆ, ಮೀನು ಹಿಡಿಯುವವರಿದ್ದಾರೆ. ಹಕ್ಕಿಗಳನ್ನು ಹೊಡೆಯದೆ, ಮರ ಕಡಿಯದೆ, ಹೊರಗಿನಿಂದ ಬಂದವರನ್ನೂ ತಡೆದು ಕಾಪಾಡಿಕೊಂಡು ಬಂದದ್ದು ಆ ಊರಿನ ಜನ. ಪ್ರಮಾಣಪತ್ರ ಆಮೇಲೆ ಬಂತು.

ಅಂಕಸಮುದ್ರದಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿ ಕಾನೂನಿನದು, ಅದನ್ನು ಬಹಳ ಜನ ಗಮನಿಸಿಲ್ಲ. ಅಭಯಾರಣ್ಯವೆಂದರೆ ಅರಣ್ಯ ಇಲಾಖೆಯ ಆಡಳಿತ. ಸಂರಕ್ಷಣಾ ಮೀಸಲಿನಲ್ಲಿ ಇಲಾಖೆಯೊಂದೇ ಇಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಘೋಷಿಸುವ ಮುನ್ನ ಸ್ಥಳೀಯ ಜನರ ಜೊತೆ ಸಮಾಲೋಚಿಸಬೇಕು. ಘೋಷಿಸಿದ ಮೇಲೆ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಅಂದರೆ ಊರಿಗೆ ಅಲ್ಲಿ ಕುರ್ಚಿಯಿದೆ. ಆ ಕುರ್ಚಿಯಲ್ಲಿ ಕೂತವರು ನೀರಿನ ವರದಿ ಕೇಳುತ್ತಾರೋ, ಪ್ರವಾಸಿಗರಿಗೆ ಶೆಡ್ಡು ಕೇಳುತ್ತಾರೋ ಎಂಬುದರ ಮೇಲೆ ಮುಂದಿನದು ನಿಂತಿದೆ. ಕೇಳಲು ಕಾರಣವೂ ಇದೆ: ಸಾವಿರಾರು ಹಕ್ಕಿಗಳ ಹಿಕ್ಕೆಯೇ ನೀರಿಗೆ ದೊಡ್ಡ ಗೊಬ್ಬರ. ಅದರ ಮೇಲೆ ಹೊಲದ ರಸಗೊಬ್ಬರವೂ ಸೇರಿದರೆ ಹಸಿರುಗಟ್ಟುವುದು ಬೇಗ. ಹಕ್ಕಿಯನ್ನು ಎಣಿಸುವಷ್ಟೇ ಶ್ರದ್ಧೆಯಿಂದ ನೀರನ್ನೂ ಅಳೆಯಬೇಕು.

ಉಳಿದ ಕೆರೆಗಳಲ್ಲಿ ಕುರ್ಚಿ ಇರಲಿ, ಮನೆಯೊಡೆಯ ಯಾರೆಂಬುದೇ ಗೊಂದಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯದು; 40ರಿಂದ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ನೆಲ ಕಂದಾಯ ಇಲಾಖೆಯದು, ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಒಳಗೆ ಬರುವ ಚರಂಡಿ ಪಟ್ಟಣ ಪಂಚಾಯಿತಿಯದು, ನೀರಿನ ಮಾಲಿನ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒತ್ತುವರಿ ತಡೆಯಲು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಬೇರೆ ಇದೆ. ಅದರಲ್ಲಿ ಕೆರೆಯ ಸುತ್ತಲಿನ 30 ಮೀಟರ್ ಮೀಸಲು ಅಂಚನ್ನು ಕೆರೆಯ ಗಾತ್ರಕ್ಕೆ ತಕ್ಕಂತೆ ಕಿರಿದಾಗಿಸುವ ತಿದ್ದುಪಡಿ ಮಸೂದೆಯೂ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಸಣ್ಣ ಕೆರೆಗಳಿಗೇ ಕಿರಿದಾದ ಅಂಚು ಎಂಬ ಈ ಯೋಚನೆ ನಮ್ಮಂಥ ಸೀಮೆಗೆ ತಕ್ಕುದಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿನ ಬಹುಪಾಲು ಜಲ ಸಂಪತ್ತು ಸಣ್ಣ ಕೆರೆ ಕುಂಟೆಗಳೇ. ಇಷ್ಟು ಇಲಾಖೆಗಳ ನಡುವೆ ದೂರು ಕೊಡುವವರು ಸುಸ್ತಾಗುವುದು ಸಹಜ. ಹಾಗಾಗಿ ಮೊದಲ ಹೆಜ್ಜೆ ಹೋರಾಟವೂ ಅಲ್ಲ, ಶ್ರಮದಾನವೂ ಅಲ್ಲ. ನಿಮ್ಮ ಕೆರೆಯ ಸರ್ವೆ ನಂಬರು, ವಿಸ್ತೀರ್ಣ, ಅದು ಯಾವ ಇಲಾಖೆಯ ಪಟ್ಟಿಯಲ್ಲಿದೆ ಎಂಬುದನ್ನು ತಿಳಿಯುವುದು. ಪಹಣಿ, ಗ್ರಾಮ ನಕಾಶೆ, ಬೇಕಿದ್ದರೆ ಹತ್ತು ರೂಪಾಯಿ ಶುಲ್ಕದ ಒಂದು ಮಾಹಿತಿ ಹಕ್ಕು ಅರ್ಜಿ ಸಾಕು.

ಎರಡನೆಯದು ಅಳೆಯುವುದು. ಇದಕ್ಕೆ ವಿಜ್ಞಾನಿ ಆಗಬೇಕಿಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಎನ್ನುತ್ತದೆ. ಪಂಚಾಯಿತಿಗೆ ಬರುವ ಪರೀಕ್ಷಾ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಉಳಿದ ಕ್ಲೋರಿನ್ ನೋಡಬಹುದು. ಒಂದು ಸಣ್ಣ ಸೀಸೆಯಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಮಲದ ಸೋಂಕಿದ್ದಾಗ ಅದು ಕಪ್ಪಾಗುತ್ತದೆ. ಓದು ಬಾರದ ಅಜ್ಜಿಗೂ ಅರ್ಥವಾಗುವ ಪರೀಕ್ಷೆ. ಈ ಕಿಟ್ಟು ಇರುವುದು ಕುಡಿಯುವ ನೀರಿಗೆ. ಆದರೆ ಕೆರೆ ಕೆಳಗಿನ ಬಾವಿಯ ನೀರನ್ನೂ ಅದರಲ್ಲೇ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ನೋಡಿದರೆ ಕೆರೆಯ ಆರೋಗ್ಯ ತಿಳಿಯುತ್ತದೆ. ಕಿಟ್ಟು ಬೀರುವಿನಲ್ಲಿ ಸೀಲು ಒಡೆಯದೆ ಕೂತಿದ್ದರೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯನ್ನು ಕೇಳಬೇಕು. ಆ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬುದು ನಿಯಮ. ಆ ಅರ್ಧದವರು ಸಭೆಗೆ ತಾವೇ ಬರುತ್ತಾರೋ, ಅವರ ಗಂಡಂದಿರು ಬರುತ್ತಾರೋ ಎಂಬುದನ್ನೂ ನೋಡಬೇಕು.

ಬಂದ ನೀರು ಎಂಥದ್ದು ಎಂದು ಕೇಳುವುದು ಹೇಗೆಂಬುದನ್ನು ಕೋಲಾರ ತೋರಿಸಿದೆ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬಂದಾಗ, 2018ರ ಜುಲೈನಲ್ಲಿ, ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರು. ನೀರೇ ಬೇಡ ಎಂಬುದು ಅವರ ಬೇಡಿಕೆಯಾಗಿರಲಿಲ್ಲ. ಮೂರನೇ ಹಂತದ ಸಂಸ್ಕರಣೆ ಮಾಡಿ ಕೊಡಿ ಎಂಬುದಾಗಿತ್ತು. ಮೂವತ್ತು ವರ್ಷ ನೀರು ಕೇಳಿದ ಸೀಮೆಯಲ್ಲಿ ಬಂದ ನೀರಿನ ಗುಣ ಕೇಳುವುದು ಸುಲಭವಲ್ಲ. ‘ನೀರು ಬಂದದ್ದೇ ಹೆಚ್ಚು, ಇವರೊಬ್ಬರು ಅಡ್ಡಗಾಲು’ ಎಂಬ ಮಾತು ಕೇಳಬೇಕಾಗುತ್ತದೆ. ಆ ಮಾತು ನಮ್ಮಲ್ಲೂ ಬಂದೇ ಬರುತ್ತದೆ.

ಹೂಳೆತ್ತುವ ಬಗ್ಗೆ ಎರಡು ಮಾತು. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳತ್ವದಲ್ಲಿ ಹಿರೇಹಳ್ಳ ಸ್ವಚ್ಛವಾದದ್ದು, 2019ರಲ್ಲಿ ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನು ಜನರೇ ದುಡ್ಡು ಕೂಡಿಸಿ ತೆಗೆದದ್ದು, ಧರ್ಮಸ್ಥಳದ ಸಂಸ್ಥೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮ, ಇವೆಲ್ಲ ಜನಶಕ್ತಿಗೆ ಸಾಕ್ಷಿ. ಆದರೆ ಹೂಳು ತೆಗೆದರೆ ನೀರಿಗೆ ಜಾಗ ಹೆಚ್ಚುತ್ತದೆ; ಚರಂಡಿ ಹಾಗೆಯೇ ಇದ್ದರೆ ಕೊಳಚೆಗೂ ಜಾಗ ಹೆಚ್ಚುತ್ತದೆ. ಹೂಳಿನ ನೆಪದಲ್ಲಿ ಇಟ್ಟಿಗೆ ಭಟ್ಟಿಗೆ, ಲೇಔಟಿಗೆ ಮಣ್ಣು ಸಾಗಿಸುವ ಟಿಪ್ಪರುಗಳ ಮೇಲೆ ಕಣ್ಣಿಡಬೇಕು. ಸುತ್ತ ಕಲ್ಲಿನ ಗೋಡೆ ಕಟ್ಟಿ ಕೆರೆಯನ್ನು ಬೋಗುಣಿ ಮಾಡುವ ‘ಅಭಿವೃದ್ಧಿ’ಯೂ ಬೇಡ. ಅಂಚಿನ ಜೊಂಡು, ಆಪು, ತೆಳು ನೀರಿನ ಗಿಡಗಳೇ ಒಳಬರುವ ಕೊಳೆಯನ್ನು ಮೊದಲು ಹೀರುವುದು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನೂ ಇಂಥ ಜೌಗಿನ ಮೂಲಕವೇ ಕೆರೆಗೆ ಬಿಡುತ್ತಾರೆ. ಬಳ್ಳಾರಿ ಜಾಲಿಯನ್ನು ಕೀಳಿ, ಜೊಂಡನ್ನು ಬಿಡಿ.

ಸಂಘ ಕಟ್ಟುವವರಿಗೆ ನಮ್ಮದೇ ಅನುಭವದ ಒಂದು ಎಚ್ಚರಿಕೆ. ವಿಶ್ವಬ್ಯಾಂಕಿನ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘ 2002ರಿಂದ ಒಂಬತ್ತು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಬಳ್ಳಾರಿ ಅವುಗಳಲ್ಲಿ ಒಂದು. ಏರಿ ಗಟ್ಟಿಯಾಯಿತು, ತೂಬು ದುರಸ್ತಿಯಾಯಿತು. ಯೋಜನೆಯ ಹಣ ನಿಂತ ಮೇಲೆ ಅನೇಕ ಸಂಘಗಳು ಹೆಸರಿಗಷ್ಟೇ ಉಳಿದವು. ಹಣ ಇದ್ದಾಗ ಹುಟ್ಟಿದ ಸಂಘಕ್ಕೆ ಹಣ ಹೋದ ಮೇಲೆ ಕೆಲಸ ಉಳಿಯಬೇಕಾದರೆ ಆ ಕೆಲಸ ಸಣ್ಣದಿರಬೇಕು, ಪದೇ ಪದೇ ಬರುವಂಥದ್ದಿರಬೇಕು: ತಿಂಗಳಿಗೊಮ್ಮೆ ನೀರು ನೋಡುವುದು, ಮುಂಗಾರಿಗೆ ಮೊದಲು ಹಳ್ಳದ ಗುಂಟ ನಡೆದು ಹೊಸ ಚರಂಡಿ, ಹೊಸ ಒತ್ತುವರಿ ಬರೆದಿಡುವುದು. ಪಟ್ಟಣದ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗ, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಬೆಸ್ತರ ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪು ಇವರಲ್ಲಿ ಇಬ್ಬರು ಸೇರಿದರೂ ಇದು ನಡೆಯುತ್ತದೆ. ಮೀನು ಹರಾಜು ಹಿಡಿದವರನ್ನು ಶತ್ರುವೆಂದು ನೋಡಬೇಡಿ. ನೀರು ಕೆಟ್ಟರೆ ಮೊದಲು ನಷ್ಟ ಅವರಿಗೇ, ಮೊದಲು ಗೊತ್ತಾಗುವುದೂ ಅವರಿಗೇ.

ಮತ್ತೆ ನಮ್ಮ ಜಾತ್ರೆಗಳು. ಕೊಟ್ಟೂರಿನ ರಥೋತ್ಸವ, ಉಜ್ಜಿನಿಯ ಶಿಖರ ತೈಲಾಭಿಷೇಕ, ಹೊಳೆದಂಡೆಯ ಮೈಲಾರದ ಕಾರ್ಣಿಕ, ಇವಕ್ಕೆ ಬರುವ ಲಕ್ಷಾಂತರ ಜನರ ಶೌಚ, ಊಟದೆಲೆ, ಪ್ಲಾಸ್ಟಿಕ್ ಎಲ್ಲಿ ಸೇರುತ್ತದೆ ಎಂಬುದೂ ನೀರಿನ ಪ್ರಶ್ನೆಯೇ. ಇಲ್ಲಿ ದೇವಸ್ಥಾನ ಸಮಿತಿ, ಮಠಗಳ ಒಂದು ಮಾತು ನೂರು ಸುತ್ತೋಲೆಗೆ ಸಮ. ಬಾಗಿನ ಬಿಡುವುದಾದರೆ ಬಿದಿರ ಮೊರದಲ್ಲೇ ಬಿಡಿ, ಮೇಲಿನ ಪ್ಲಾಸ್ಟಿಕ್ ಕವರ್ ದಡದಲ್ಲಿ ಉಳಿಯಲಿ. ಪಿಒಪಿ ಗಣಪತಿಗೆ ನಿಷೇಧ ಈಗಾಗಲೇ ಇದೆ.

ಇನ್ನು ಉಳಿದದ್ದು ನಿಮ್ಮ ಕೆಲಸ. ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಗೆ ಹೋದಾಗ ಕೆರೆಗೆ ಎಷ್ಟು ನೀರು ಬಂತು ಎಂದು ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ. ಈ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ವರದಿ ಎಲ್ಲಿದೆ? ಎಷ್ಟು ಚರಂಡಿಗಳು ಇದಕ್ಕೆ ಸೇರುತ್ತವೆ? ಶೌಚಗುಂಡಿಯ ಟ್ಯಾಂಕರ್ ಎಲ್ಲಿ ಖಾಲಿಯಾಗುತ್ತದೆ? ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಪ್ರಶ್ನೆಯನ್ನೂ ಉತ್ತರವನ್ನೂ ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆದುಕೊಂಡು ಮನೆಗೆ ಬನ್ನಿ.